ಗೆಣ್ಣಿನ ಗೆರೆ

ನನ್ನ ತಂಗಿ ಹೊಲಿಗೆಯವಳು. ಅವಳ ಯಂತ್ರವಿರುವ ಕೋಣೆಗೆ ಒಂದೇ ಕಿಟಕಿ. ಆ ಕಿಟಕಿಯಲ್ಲಿ ಏಳು ಕುಂಡಗಳು. ಆರರಲ್ಲಿ ಚುಕ್ಕೆ, ಪಟ್ಟೆಗಳ ಎಲೆಗಿಡಗಳು. ಏಳನೆಯದರಲ್ಲಿ ಮಾನ್‌ಸ್ಟೆರಾ ಬಳ್ಳಿ. ಗೇಣುದ್ದದ ತುಂಡಿನಿಂದ ಅವಳೇ ಬೆಳೆಸಿದ ಆ ಬಳ್ಳಿಯ ಪ್ರತಿ ಎಲೆಯಲ್ಲೂ ಹಸಿರಿನ ಪಕ್ಕದಲ್ಲಿ ಬಿಳುಪು ಇರುತ್ತಿತ್ತು.

ಎದುರಿನ ಕಟ್ಟಡಕ್ಕೆ ಇನ್ನೆರಡು ಅಂತಸ್ತು ಏಳಲಿವೆ ಎಂದು ತಿಳಿದ ದಿನ ಅವಳು ಒಂದು ಗುಂಡಿಯನ್ನೂ ಹೊಲಿಯಲಿಲ್ಲ. ಅಂತಸ್ತು ಎದ್ದರೆ ಕಿಟಕಿಗೆ ಬೆಳಕಿಲ್ಲ. ಬೆಳಕಿಲ್ಲದಿದ್ದರೆ ಏಳು ಕುಂಡಗಳೂ ಇಲ್ಲ. ಊರಿನ ಉದ್ಯಾನದ ಗಾಜಿನ ಮನೆಯಲ್ಲಿ ಹೊರಗಿನವರ ಗಿಡಗಳಿಗೆಂದು ಒಂದು ಕಟ್ಟೆ ಖಾಲಿ ಇತ್ತು. ಅವಳು ಹೋಗಿ ಕೇಳಿದಾಗ ಮೇಲ್ವಿಚಾರಕರು ಷರತ್ತು ಹಾಕಿದರು: ಒಂದೇ ಬಳ್ಳಿಯಲ್ಲಿ ಒಂದರ ಮೇಲೊಂದು ಮೂರು ಎಲೆ, ಮೂರರಲ್ಲೂ ಹಸಿರು ಬಿಳಿ ಹೆಚ್ಚುಕಡಿಮೆ ಸಮ. ಅವಧಿ ಎಂಟು ತಿಂಗಳು.

ಮೂವತ್ತು ವರ್ಷ ಗಣಿತ ಕಲಿಸಿದವನಾದ್ದರಿಂದ ಲೆಕ್ಕ ನನ್ನ ಪಾಲಿಗೆ ಬಂತು. ಚೌಕಳಿ ಕಾಗದದ ಮೇಲೆ ಎಲೆಗಳನ್ನಿಟ್ಟು ಗೆರೆ ಎಳೆದು, ಬಿಳಿಯ ಚೌಕಗಳನ್ನು ಎಣಿಸಿದೆ. ಮೊದಲ ಎಲೆಯಲ್ಲಿ ಬಿಳುಪು ಕಾಲು ಭಾಗ, ಎರಡನೆಯದರಲ್ಲಿ ಅರ್ಧ, ಮೂರನೆಯದರಲ್ಲಿ ಮುಕ್ಕಾಲು. ಶ್ರೇಢಿ ಸ್ಪಷ್ಟವಾಗಿತ್ತು. ನಾಲ್ಕನೆಯದು ಪೂರ್ತಿ ಬಿಳಿಯಾಗಿ ಬಂದಾಗ ನನಗೆ ಹೆಮ್ಮೆಯೇ ಆಯಿತು. ತುದಿ ಮುಟ್ಟಿದ ಶ್ರೇಢಿ ಇನ್ನು ಹಿಂದಕ್ಕೆ ತಿರುಗುತ್ತದೆ ಎಂದು ತಂಗಿಗೆ ಭರವಸೆ ಕೊಟ್ಟೆ. ಬಟ್ಟೆ ಕೊಡಲು ಬಂದವರೆಲ್ಲ ಕೆನೆಯಂಥ ಆ ಎಲೆಯನ್ನು ಹೊಗಳಿ ಹೋದರು.

ಐದನೆಯದೂ ಬಿಳಿ. ಅಷ್ಟರಲ್ಲಿ ಮೂರು ತಿಂಗಳು ಕಳೆದು, ನಾಲ್ಕನೆಯದರ ಅಂಚು ಕಂದಿ ಪುಡಿಯಾಗತೊಡಗಿತ್ತು. ಬಿಳಿಯ ಎಲೆ ತನ್ನ ಅನ್ನ ತಾನು ಮಾಡಿಕೊಳ್ಳಲಾರದು, ಹಸಿರು ದುಡಿದದ್ದನ್ನು ಕುಳಿತು ಉಣ್ಣುವ ಮನೆಯಳಿಯ ಅದು ಎಂದಳು ತಂಗಿ. ಕಾಂಡದ ಮೇಲೆ ಹೆಬ್ಬೆರಳಾಡಿಸಿದಳು. ಅದರ ಮೇಲಿನ ಬಿಳಿಯ ಪಟ್ಟಿ ಏರುತ್ತಾ ಅಗಲವಾಗಿ, ಕೊನೆಗೆ ಕಾಂಡವನ್ನೇ ನುಂಗಿತ್ತು. ಎರಡನೆಯ ಎಲೆಯ ಗೆಣ್ಣಿನಲ್ಲಿ ಮಾತ್ರ ಎರಡು ಬಣ್ಣ ಕೂಡುವ ಗೆರೆ, ಅಲ್ಲಿ ಇನ್ನೂ ಚಿಗುರದೆ ಮಲಗಿದ್ದ ಮೊಗ್ಗಿನ ಕಣ್ಣಿನ ನಟ್ಟನಡುವೆ ಹಾದಿತ್ತು. ಅವಳು ಬ್ಲೇಡನ್ನು ಕುದಿನೀರಿನಲ್ಲಿ ಅದ್ದಿ ತಂದಳು.

“ಬೇಡ. ಮೂರು ಎಲೆ ಹೋಗುತ್ತೆ,” ಎಂದೆ. “ಇನ್ನೊಂದು ಎಲೆ ಬರೋವರೆಗೂ ಕಾಯಿ.”

“ಅಣ್ಣ, ನೀನು ಎಲೆ ಎಣಿಸ್ದೆ, ಕಾಂಡ ನೋಡ್ಲಿಲ್ಲ. ಹೊಲಿಗೆ ಸೊಟ್ಟ ಹೋದ್ರೆ ಬಿಚ್ಚಲೇಬೇಕು. ಮೇಲೆ ಇಸ್ತ್ರಿ ಎಳೆದ್ರೆ ನೆಟ್ಟಗಾಗುತ್ತಾ?”

ಆ ಗೆಣ್ಣಿನ ತುಸು ಮೇಲೆ ಕತ್ತರಿಸಿಬಿಟ್ಟಳು. ಉಳಿದದ್ದು ಎರಡೆಲೆಯ ಮೋಟು. ಸಿಟ್ಟಿನಿಂದ ನಾನು ಚೌಕಳಿ ಕಾಗದಗಳನ್ನು ಮಡಿಸಿ ಪೆಟ್ಟಿಗೆಗೆ ಹಾಕಿದೆ. ಅದು ಅವಳ ಗಮನಕ್ಕೆ ಬಂದಂತೆಯೂ ಇರಲಿಲ್ಲ.

ಮೂವತ್ತನಾಲ್ಕನೆಯ ದಿನ ಕಣ್ಣು ಒಡೆಯಿತು. ಸುರುಳಿ ಬಿಚ್ಚಿದ ಎಲೆಯಲ್ಲಿ ನಡುನರದ ಒಂದು ಕಡೆ ಹಸಿರು, ಇನ್ನೊಂದು ಕಡೆ ಬಿಳಿ. ಎರಡನೆಯದೂ ಹಾಗೆಯೇ. ಮೂರನೆಯದು ಇನ್ನೂ ಸುರುಳಿಯಲ್ಲಿದ್ದಾಗ ಎದುರಿನ ಗೋಡೆ ಎದ್ದು, ಕಿಟಕಿಗೆ ಬಿಸಿಲು ದಿನಕ್ಕೊಂದು ಗಂಟೆ ಉಳಿಯಿತು. ತಂಗಿ ಹೊಲಿಗೆಯಂತ್ರವನ್ನು ಹಜಾರಕ್ಕೆ ದೂಡಿ, ಆ ಬೆಳಕಿನ ಜಾಗವನ್ನು ಬಳ್ಳಿಗೆ ಬಿಟ್ಟುಕೊಟ್ಟಳು. ಒಳಗೆ ಕತ್ತಲಲ್ಲಿ ಕಣ್ಣು ಕಿರಿದಾಗಿಸಿಕೊಂಡು ಹೊಲಿದಳು. ಅವಧಿಗೆ ಐದು ದಿನ ಇರುವಾಗ ಎಲೆ ಅರಳಿತು.

ಮೇಲ್ವಿಚಾರಕರು ಬಂದರು. ನಾನು ಕಾಗದ ಚಾಚಿದೆ: ಮೂರನೆಯ ಎಲೆಯಲ್ಲಿ ಚೌಕ ಇನ್ನೂರಹನ್ನೆರಡು, ಬಿಳಿಯವು ನೂರನಾಲ್ಕು. ಅವರು ಅದನ್ನು ನೋಡದೆ ಜೇಬಿಗಿಟ್ಟುಕೊಂಡು, ಬಗ್ಗಿ ಕಾಂಡವನ್ನು ಪರೀಕ್ಷಿಸಿದರು. ಮೋಟಿನ ಮೇಲೆ ಬೆರಳಿಟ್ಟು, ಇಲ್ಲಿ ಕತ್ತರಿಸಿದವರು ಯಾರೆಂದು ಕೇಳಿದರು. ತಂಗಿ ತಾನೇ ಎಂದಳು.

“ಕಟ್ಟೆ ನಿಮ್ದು,” ಎಂದರು. “ನಮ್ಮ ಹಳೇ ಬಳ್ಳಿ ಮೇಲೆಲ್ಲ ಬಿಳಿಗೆ ತಿರುಗಿದೆ. ಕೈ ಹಾಕೋಕೆ ನಮಗ್ಯಾರಿಗೂ ಧೈರ್ಯ ಇಲ್ಲ. ಬರುವಾಗ ಆ ಬ್ಲೇಡೂ ತನ್ನಿ.”

ಮರುದಿನ ಏಳು ಕುಂಡಗಳೂ ಗಾಜಿನ ಮನೆಯ ತುಂಬುಬೆಳಕಿನಲ್ಲಿ ಸಾಲಾಗಿ ಕುಳಿತವು. ತಂಗಿ ಏಣಿ ಹತ್ತಿದಳು. ಕೆಲಸದವರೆಲ್ಲ ಕೈಯಲ್ಲಿದ್ದುದನ್ನು ಬಿಟ್ಟು ಸುತ್ತ ನೆರೆದರು. ಹಳೆಯ ಬಳ್ಳಿಯ ಕಾಂಡ ಹಿಡಿಯುವ ಕೆಲಸ ನನ್ನದು.

“ಗಟ್ಟಿಯಾಗಿ ಹಿಡ್ಕೋ ಅಣ್ಣ. ಎಲೆ ಎಣಿಸ್ತಾ ನಿಲ್ಲಬೇಡ.”

ನಾನು ಎಲೆಗಳತ್ತ ನೋಡಿರಲಿಲ್ಲ. ಗೆರೆ ಕಣ್ಣಿನ ನಡುವೆ ಹಾದಿದ್ದ ಗೆಣ್ಣಿನ ಮೇಲೆ ನನ್ನ ಬೆರಳು ಆಗಲೇ ಇತ್ತು. ಅವಳು ಬಗ್ಗಿ ನೋಡಿ, ತಲೆಯಾಡಿಸಿ, ಅದರ ತುಸು ಮೇಲೆಯೇ ಕತ್ತರಿಸಿದಳು.