ಕಬ್ಬಿನ ಗಾಡಿಗೆ ಕೆಂಪು ರೇಡಿಯಂ

ಅಫಜಲಪುರದಿಂದ ಘತ್ತರಗಿಗೆ ಹೋಗುವ ರಸ್ತೆಯ ಬದಿಗೆ ಜಯಮಾಲಾಳ ಸ್ಟಿಕ್ಕರ್ ಅಂಗಡಿ ಇದೆ. ಬೈಕು, ಟಂಟಂ, ಟ್ರ್ಯಾಕ್ಟರುಗಳ ಮೇಲೆ ಹೊಳೆಯುವ ರೇಡಿಯಂ ಹಾಳೆಯಲ್ಲಿ ಹೆಸರು ಕತ್ತರಿಸಿ ಅಂಟಿಸುವುದು ಅವಳ ಕಸುಬು. ಭಾಗ್ಯವಂತಿ ತಾಯಿಯ ಹೆಸರು, ಬಸವಣ್ಣನ ಚಿತ್ರ, ದರ್ಗಾದ ಗುಮ್ಮಟ, ಯಾರು ಏನು ಕೇಳುತ್ತಾರೋ ಅದು. ಅವಳ ಮನೆತನದವರು ಅಜ್ಜನ ಕಾಲದಿಂದ ಕ್ರೈಸ್ತರು. ಗಂಡ ಅನೀಲಕುಮಾರ ಮಂದಿಯನ್ನು ಸಾಗಿಸುವ ಮೂರು ಗಾಲಿಯ ಟಂಟಂ ಓಡಿಸುತ್ತಾನೆ.

ಹೋದ ಡಿಸೆಂಬರ್ ಶುರುವಿನಲ್ಲಿ ಅತನೂರಿಗೆ ಮಂದಿಯನ್ನು ಬಿಟ್ಟು ಮರಳುವಾಗ ಅನೀಲಕುಮಾರನ ಟಂಟಂ ಕಬ್ಬು ಹೇರಿದ್ದ ಎತ್ತಿನ ಗಾಡಿಗೆ ಹಿಂದಿನಿಂದ ಗುದ್ದಿತು. ಹೊತ್ತು ಮುಳುಗಿ ಕತ್ತಲಾಗುತ್ತಿತ್ತು. ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆದಿತ್ತು. ಬಲಗೈ ಮುರಿಯಿತು, ಜೀವ ಉಳಿಯಿತು. ಗಾಡಿ ಹೊಡೆಯುತ್ತಿದ್ದ ದೊಡ್ಡಪ್ಪ ಎಂಬವನು ಎತ್ತುಗಳನ್ನು ಜೊತೆಯವರಿಗೆ ಒಪ್ಪಿಸಿ ಅವನನ್ನು ದವಾಖಾನೆಗೆ ತಂದ. ಜಯಮಾಲಾ ಓಡಿ ಬರುವ ತನಕ ಪಕ್ಕ ಬಿಟ್ಟು ಏಳಲಿಲ್ಲ.

“ಗಾಡಿ ಕಾಣಲೇ ಇಲ್ರಿ,” ಎಂದ ಅನೀಲಕುಮಾರ, ತಪ್ಪು ತನ್ನದೇ ಎಂಬಂತೆ.

“ಹ್ಯಾಂಗ ಕಾಣ್ತದರಿ? ಕತ್ತಲಾದ ಮ್ಯಾಲ ಕಬ್ಬೂ ಕರ್ರಗ, ಹಾದೀನೂ ಕರ್ರಗ. ನಾವು ದಿನಾ ಜೀವ ಕೈಯಾಗ ಹಿಡಕೊಂಡೇ ಹೋಗೂದು,” ಎಂದ ದೊಡ್ಡಪ್ಪ.

ಆ ಭಾನುವಾರ ಚರ್ಚಿನಲ್ಲಿ ಸಭಾಪಾಲಕರು ಬೆಳಕಿನ ಬಗ್ಗೆ ಬೋಧಿಸಿದರು. ಕ್ರಿಸ್ತನು ಲೋಕದ ಬೆಳಕು, ಆತನನ್ನು ನಂಬಿದವರೂ ಇನ್ನೊಬ್ಬರ ದಾರಿಗೆ ಬೆಳಕಾಗಬೇಕು ಎಂದರು. ಆರಾಧನೆ ಮುಗಿದ ಮೇಲೆ ಜಯಮಾಲಾ ಬೇವಿನ ಮರದ ಕೆಳಗೆ ಅವರನ್ನು ನಿಲ್ಲಿಸಿ ಕೇಳಿದಳು.

“ಆತ ಬೆಳಕು ಅನ್ನೂದು ತಿಳೀತದರಿ. ನಮ್ಮಂಥವರು ಹ್ಯಾಂಗ ಬೆಳಕಾಗಬೇಕು? ನಮ್ಮ ಬಲ್ಲಿ ಏನದರಿ?”

ಸಭಾಪಾಲಕರು ನಕ್ಕರು. “ನಿನ್ನ ಅಂಗಡ್ಯಾಗಿನ ರೇಡಿಯಂದಾಗ ಬೆಳಕು ಅದ ಏನವಾ? ಮ್ಯಾಲ ಬಿದ್ದದ್ದನ್ನ ತಿರುಗಿ ಕೊಡ್ತದ, ಅಷ್ಟೇ. ನಮ್ಮ ಕೆಲಸಾನೂ ಅಷ್ಟೇ.”

ಜಯಮಾಲಾ ಮನೆಗೆ ಹೋಗಿ ಅಡಿಗೆಗೆ ಕೂಡಲಿಲ್ಲ. ಅಂಗಡಿಯ ಬಾಗಿಲು ತೆಗೆದು, ಗಿರಾಕಿಗಳು ಬಿಟ್ಟುಹೋದ ಹಳೆಯ ನಂಬರ್ ಪ್ಲೇಟುಗಳನ್ನೆಲ್ಲ ಒರೆಸಿ ಇಟ್ಟಳು. ಕೆಂಪು ರೇಡಿಯಂ ಕತ್ತರಿಸಿ ಒಂದೊಂದರ ಮೇಲೂ ಒಂದು ಶಿಲುಬೆ ಅಂಟಿಸಿದಳು. ಗಾಡಿಯ ಹಿಂದೆ ಕಟ್ಟಲು ತಂತಿಯನ್ನೂ ಪೋಣಿಸಿದಳು. ಕೈಗೆ ಪಟ್ಟಿ ಹಾಕಿಕೊಂಡು ಬಂದ ಅನೀಲಕುಮಾರ ನೋಡಿದ.

“ಛಂದ ಅದಾವ. ಖರೇ, ಎಲ್ಲಾರೂ ಕಟ್ಟಿಸಿಕೊಳ್ತಾರ?”

“ಬೆಳಕು ಯಾರಿಗೆ ಬ್ಯಾಡಾಗ್ತದರಿ?”

ಊರ ಹೊರಗೆ, ಕಬ್ಬಿನ ಗಾಡಿಯವರು ಎತ್ತುಗಳಿಗೆ ನೀರು ಕುಡಿಸುವ ತೊಟ್ಟಿಯ ಹತ್ತಿರ ಮರುದಿನ ಮಧ್ಯಾಹ್ನ ಹೋದಳು. ದೊಡ್ಡಪ್ಪ ಎಲ್ಲರಿಗಿಂತ ಮೊದಲು ಕಟ್ಟಿಸಿಕೊಂಡ. ಅವನ ಹಿಂದಿನ ಗಾಡಿಯ ಕಲ್ಲಿನಾಥ, ಹಣೆತುಂಬ ವಿಭೂತಿ ಹಚ್ಚಿದ ತರುಣ, ಪ್ಲೇಟನ್ನು ತಿರುಗಿಸಿ ನೋಡಿ ವಾಪಸು ಚಾಚಿದ.

“ಅಕ್ಕೋರೆ, ಇದು ನಿಮ್ಮ ದೇವರ ಗುರುತು ಅಲ್ರಿ? ನಮ್ಮ ಮನ್ಯಾಗ ಲಿಂಗಪೂಜಾ ಮಾಡ್ತೇವಿ. ನಾ ಒಲ್ಲೆರಿ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೂ ಉಳಿದವರು ಚಾಚಿದ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡರು. ಜಯಮಾಲಾ ಪ್ಲೇಟುಗಳ ಚೀಲ ಹೊತ್ತು ಮನೆಗೆ ಬಂದು, ಮುಖ ಗಂಟು ಹಾಕಿಕೊಂಡು ಕುಳಿತಳು.

“ನಾ ಅವರ ಜೀವ ಉಳಿಸಾಕ ಹೋದ್ರ, ಅವರಿಗೆ ಬ್ಯಾರೇನೇ ಕಂಡದ,” ಎಂದಳು.

ಅನೀಲಕುಮಾರ ಮೆಲ್ಲಗೆ ಕೇಳಿದ. “ನೀ ಏನ್ ಕೊಡಾಕ ಹೋಗಿದ್ದಿ? ಬೆಳಕೋ, ಗುರುತೋ?”

ಅವಳು ಚೀಲವನ್ನು ಮೂಲೆಗೆ ಸರಿಸಿ ಎದ್ದಳು. ಸಂಜೆ ಪ್ರಾರ್ಥನೆಗೆ ಮೊಣಕಾಲೂರಿದಾಗ ಅದೇ ಪ್ರಶ್ನೆ ಮತ್ತೆ ಎದುರು ನಿಂತಿತು. ಗಾಡಿಯವರ ಮೇಲಿನ ಕಾಳಜಿ ನಿಜ. ಅದರ ಬೆನ್ನಿಗೆ, ಇದು ಯಾರ ಉಪಕಾರ ಎಂದು ಹಾದಿಯಲ್ಲಿ ಹೋಗುವವರೆಲ್ಲ ನೋಡಲಿ ಎಂಬ ಸಣ್ಣ ಆಸೆಯೂ ಇತ್ತು. ಅದನ್ನು ದೇವರ ಮುಂದೆ ಒಪ್ಪಿಕೊಂಡಾಗ ಅವಳಿಗೆ ತನ್ನ ಮೇಲೆ ತನಗೇ ನಗು ಬಂತು. ಮುಂಜಾನೆ ಎದ್ದು ಶಿಲುಬೆಗಳನ್ನು ಬ್ಲೇಡಿನಿಂದ ಒಂದೊಂದಾಗಿ ಬಿಡಿಸಿ, ಅಗಲವಾದ ಕೆಂಪು ಪಟ್ಟಿಗಳನ್ನು ಅಂಟಿಸಿದಳು. ಕೈ ಎಲ್ಲೂ ತಡೆಯಲಿಲ್ಲ.

ಮಧ್ಯಾಹ್ನ ಅದೇ ತೊಟ್ಟಿಯ ಬಳಿ ಕಲ್ಲಿನಾಥ ಈ ಸಲವೂ ಪ್ಲೇಟನ್ನು ಎರಡೂ ಬದಿಗೆ ತಿರುಗಿಸಿ ನೋಡಿದ.

“ಏನೂ ಇಲ್ಲಪ್ಪ, ಬರೇ ಕೆಂಪು ಅದ,” ಎಂದಳು ಜಯಮಾಲಾ.

“ನಿನ್ನಿ ನಿಮಗ ಬ್ಯಾಸರ ಮಾಡಿದ್ನೇನ್ರಿ?”

“ಬ್ಯಾಸರ ಆಗಿತ್ತು. ಈಗಿಲ್ಲ. ನೀ ಅಂದದ್ದು ಛಲೋನೇ ಆತು.”

ಅವನು ತಾನೇ ತಂತಿ ಬಿಗಿದು ಕಟ್ಟಿದ. ಆಮೇಲೆ ಉಳಿದವರ ಪ್ಲೇಟುಗಳನ್ನೂ ಕಟ್ಟಿಕೊಟ್ಟ. ದೊಡ್ಡಪ್ಪ ಮಾತ್ರ ತನ್ನದನ್ನು ಬದಲಿಸಲು ಒಪ್ಪಲಿಲ್ಲ.

“ನನಗ ಇದೇ ಇರಲಿ ತಾಯಿ. ನಿಮ್ಮ ಯಜಮಾನ್ರು ನನ್ನ ಗಾಡೀಗೇ ಗುದ್ದಿ ನೆಂಟಸ್ತಾನ ಮಾಡ್ಯಾರ,” ಎಂದ. ತೊಟ್ಟಿಯ ಸುತ್ತ ನಿಂತವರೆಲ್ಲ ನಕ್ಕರು.

ಸುದ್ದಿ ಹಬ್ಬಿತು. ಕ್ರಿಸ್‌ಮಸ್ ಬರುವ ಹೊತ್ತಿಗೆ ಹಳೆಯ ಪ್ಲೇಟುಗಳು ಮುಗಿದು, ಗಾಡಿಯವರೇ ಎಣ್ಣೆ ಡಬ್ಬಿಯ ತಗಡು ಕತ್ತರಿಸಿಕೊಂಡು ಅಂಗಡಿಗೆ ಬರತೊಡಗಿದರು.

ಕಬ್ಬಿನ ಹಂಗಾಮು ಮುಗಿಯುವ ಮೊದಲೇ ಅನೀಲಕುಮಾರನ ಕೈ ಕೂಡಿತು. ಅತನೂರಿನ ಬಂಧುಗಳ ಮನೆಯಲ್ಲಿ ಪ್ರಾರ್ಥನೆ ಮುಗಿಸಿ ಒಂದು ಸಂಜೆ ಇಬ್ಬರೂ ಟಂಟಂನಲ್ಲಿ ಮರಳುತ್ತಿದ್ದರು. ದೀಪದ ಬೆಳಕು ಚಾಚಿದಂತೆ ರಸ್ತೆಯ ದೂರದಲ್ಲಿ ಒಂದು ಕೆಂಪು ಹೊಳೆಯಿತು, ಅದರ ಮುಂದೆ ಇನ್ನೊಂದು, ಅದರ ಮುಂದೆ ಮತ್ತೊಂದು. ಅನೀಲಕುಮಾರ ಅವಸರವಿಲ್ಲದೆ ವೇಗ ಇಳಿಸಿದ. ಜಯಮಾಲಾ ಬಾಯಲ್ಲೇ ಸ್ತೋತ್ರ ಹೇಳಿದಳು. ಮುಂದಿನ ಗಾಡಿಯ ಪಕ್ಕಕ್ಕೆ ಬಂದಾಗ ಗುರುತು ಹಿಡಿದು ಕೂಗಿದಳು.

“ಕಲ್ಲಿನಾಥ, ಛಂದ ಹೊಳ್ಯಾಕತ್ತದ ನೋಡೋ!”

“ಹೌದ್ರಿ ಅಕ್ಕೋರೆ! ಎತ್ತಿನ ಕೋಡಿಗೂ ಒಂದೀಟು ಹಚ್ಚಿಕೊಡ್ರಿ. ಎದುರು ಬರೋರಿಗೂ ಕಾಣಬೇಕಲ್ರಿ?”

“ನಾಳಿ ಹೊಡ್ಕೊಂಡು ಬಾ. ಸುಮ್ಮ ನಿಲ್ತಾವಲ್ಲ?”

“ಒಂದು ನಿಲ್ತದರಿ. ಇನ್ನೊಂದರದು ನಾ ಹೇಳಾಂಗಿಲ್ಲ!”