ಫೋಟೋದಲ್ಲಿರುವ ನನ್ನ ಕೈ

ಲೋಕಲ್ ಟ್ರೇನಿನ ನೂಕಿನಲ್ಲಿ ಈ ಹೆಂಗಸಿನ ಬುಟ್ಟಿಯ ಮೂಲೆ ಸೊಂಟಕ್ಕೆ ಒತ್ತುತ್ತಿದೆ, ಒತ್ತಲಿ, ಠಾಕುರ್ಲಿ ಬಂತು, ಇನ್ನೊಂದೇ ಸ್ಟೇಷನ್, ಡೊಂಬಿವಲಿ, ಮನೆ — ಮನೆಯಂತೆ, ಬೆಳಿಗ್ಗೆ ಕಲ್ಯಾಣದ ಕೋರ್ಟಿಗೆ ಹೊರಟಾಗ ಅದು ಮನೆಯಾಗಿತ್ತು, ಬೀಗ ಬದಲಾಯಿಸಿ ಹದಿನಾಲ್ಕು ತಿಂಗಳು ನಾನೂ ಮಗಳು ದಿಶಾಳೂ ಹೆದರದೆ ಮಲಗಿದ ಮನೆ, ಇವರು ಒಳಗೆ ಕಾಲಿಡಬಾರದು ಎಂದು ಕೆಳಗಿನ ಕೋರ್ಟು ಬರೆದುಕೊಟ್ಟಿತ್ತು — ಇವರು! ಹತ್ತೊಂಬತ್ತು ವರ್ಷದ ಅಭ್ಯಾಸ, ನಾಲಿಗೆ ಬಿದ್ದುಹೋಗಲಿ, ಅವನು, ಮಧ್ವರಾಜ, ನನ್ನ ಕೈ ತಿರುಚಿ ಮುರಿದ ಗಂಡ, ಅಪೀಲು ಹಾಕಿ ಗೆದ್ದ, ಇವತ್ತು ಮೇಲಿನ ಕೋರ್ಟು ಆ ಆದೇಶವನ್ನೇ ರದ್ದು ಮಾಡಿತು, ಇನ್ನು ಅವನು ಯಾವಾಗ ಬೇಕಾದರೂ ಬರಬಹುದು, ಬಾಗಿಲು ತೆರೆಯಬೇಕಾದವಳು ನಾನು.

ನನ್ನನ್ನು ಒಂದು ಮಾತು ಕೇಳಲಿಲ್ಲ, ಕೇಳುವುದೂ ಇಲ್ಲ ಎಂದು ವಕೀಲೆ ಮಾನಸಿ ಮೊದಲೇ ಹೇಳಿದ್ದಳು, ದೀದಿ, ಅಪೀಲ್ ಮೇ ಸಿರ್ಫ್ ಕಾಗಜ್ ದೇಖ್‌ತೇ ಹೈ, ಆಪ್ ಪೀಛೆ ಬೈಠೋ, ಅಪೀಲಿನಲ್ಲಿ ಬರೀ ಕಾಗದ ನೋಡುತ್ತಾರಂತೆ, ನಾನು ಹಿಂದೆ ಕೂರಬೇಕಂತೆ, ಕೂತೆ, ನನ್ನ ಬದುಕನ್ನು ಯಾರ್ಯಾರೋ ಪುಟ ತಿರುವಿ ಓದುವುದನ್ನು ನೋಡುತ್ತ ಕೂತೆ, ಆಸ್ಪತ್ರೆಯ ಚೀಟಿಯಲ್ಲಿ ಬಾತ್‌ರೂಮಿನಲ್ಲಿ ಜಾರಿಬಿದ್ದದ್ದು ಎಂದಿದೆ, ಹೌದು, ನಾನೇ ಹೇಳಿದ್ದು, ಅವನು ಪಕ್ಕದಲ್ಲೇ ನಿಂತಿದ್ದ, ಮತ್ತೇನು ಹೇಳಲಿ, ಆಮೇಲೆ ಆ ಫೋಟೋ, ಸತ್ಯನಾರಾಯಣ ಪೂಜೆಯದ್ದು, ಅವನು ಸಂಕಲ್ಪಕ್ಕೆ ಅಕ್ಷತೆ ಹಿಡಿದಿದ್ದಾನೆ, ನನ್ನ ಬಲಗೈ ಅವನ ಕೈಗೆ ತಾಗಿದೆ, ಹೆಂಡತಿ ಮುಟ್ಟದೆ ಸಂಕಲ್ಪ ಆಗುವುದಿಲ್ಲ, ನಮ್ಮ ಉಡುಪಿಯಲ್ಲಿ ಮಕ್ಕಳಿಗೂ ಗೊತ್ತು, ಜಡ್ಜ್ ಸಾಹೇಬರ ಮನೆಯಲ್ಲಿ ಪೂಜೆಯೇ ಆಗುವುದಿಲ್ಲವೇ, ತೀರ್ಪು ಓದಿಯೇಬಿಟ್ಟರು, ಹಿಂದಿನ ರಾತ್ರಿ ಪೆಟ್ಟು ತಿಂದವಳು ಮರುದಿನ ಗಂಡನ ಕೈ ಮುಟ್ಟಿ ಪೂಜೆಗೆ ಕೂರುವುದು ಸಹಜವಲ್ಲ — ಸಹಜವಲ್ಲವಂತೆ! ನಲವತ್ತು ಜನಕ್ಕೆ ಊಟಕ್ಕೆ ಹೇಳಿಯಾಗಿತ್ತು, ಭಟ್ಟರು ಬಂದು ಕೂತಿದ್ದರು, ಬಾಯಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ ಉಗುಳುವ ಹಾಗಿಲ್ಲ, ಎದ್ದು ಎಲ್ಲಿಗೆ ಹೋಗಬೇಕಿತ್ತು ನಾನು, ಸಾಹೇಬರ ಮನೆಗೇ?

ಫೋನು, ದಿಶಾ, ಮಮ್ಮಿ ಕ್ಯಾ ಹುವಾ, ಪಪ್ಪಾ ಆ ರಹೇ ಹೈ ಕ್ಯಾ, ಅಪ್ಪ ಬರುತ್ತಾನಾ ಎಂದು ಕೇಳುತ್ತಾಳೆ, ಚಿಲಕ ಹಾಕ್ಕೋ ಮಗಾ, ಯಾರು ಬಂದ್ರೂ ತೆಗೀಬೇಡ, ನಾ ಬಂದೆ, ಹದಿನಾರರ ಹುಡುಗಿಯ ದನಿ ಮತ್ತೆ ಹಾಗೆ ನಡುಗುತ್ತಿದೆ, ಇದನ್ನು ಯಾವ ಕಾಗದದಲ್ಲಿ ಬರೆಯುತ್ತಾರೆ, ಹೈಕೋರ್ಟಿಗೆ ಹೋಗೋಣ ಎನ್ನುತ್ತಾಳೆ ಮಾನಸಿ, ಅಲ್ಲಿಯೂ ಕಾಗದವೇ, ಅಲ್ಲಿಯೂ ಅದೇ ಫೋಟೋ, ಕೆಳಗಿನ ಕೋರ್ಟಿನಲ್ಲಿ ಅವನ ವಕೀಲ ಅದನ್ನು ಮುಖಕ್ಕೆ ಹಿಡಿದು ಕೇಳಿದ್ದ, ಈ ಕೈ ನಿಮ್ಮದೇ, ಹೌದು, ಗಂಡನ ಕೈಮೇಲೆ ಇದೆಯೇ, ಹೌದು, ಮುಗಿಯಿತು, ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು ಎಂದಿದ್ದರು, ಕೊಟ್ಟೆ, ಬುದ್ಧಿಗೇಡಿ, ಇವತ್ತು ಕೋರ್ಟಿನ ಮೆಟ್ಟಿಲ ಮೇಲೆ ಮಾನಸಿಗೆ ಉಳಿದದ್ದನ್ನು ಹೇಳಿದರೆ ಅವಳು ತಲೆಮೇಲೆ ಕೈ ಹೊತ್ತಳು, ದೀದಿ, ಯೇ ತೋ ರೆಕಾರ್ಡ್ ಮೇ ಹೈ ಹೀ ನಹೀ — ಇಲ್ಲ, ರೆಕಾರ್ಡಿನಲ್ಲಿಲ್ಲ, ಆದರೆ ಫೋಟೋದಲ್ಲಿದೆ, ಆಸ್ಪತ್ರೆಗೆ ಇನ್ನೂ ಹೋಗಿರಲಿಲ್ಲ, ಊದಿದ ಕೈ ಎತ್ತಲಿಕ್ಕೇ ಆಗಲಿಲ್ಲ ನನಗೆ, ಭಟ್ಟರು ಎರಡು ಸಲ ಹೇಳಿದರು, ಹಿಂದೆ ಕೂತಿದ್ದ ಅತ್ತೆ ಬಗ್ಗಿ, ಮುಟ್ಟು ಮಾರಾಯ್ತಿ, ಜನ ನೋಡ್ತಾ ಇದ್ದಾರೆ, ಎಂದು ನನ್ನ ಕೈಯನ್ನು ಎತ್ತಿ ಅವನ ಕೈಮೇಲೆ ಇಟ್ಟರು, ಫೋಟೋ ತೆಗೆಯುವವರೆಗೂ ಬಿಡಲಿಲ್ಲ, ನೋಡಿ, ನೋಡಿ ಸಾಹೇಬರೇ, ನನ್ನ ಸೆರಗಿನ ಅಂಚಿನಲ್ಲಿ, ಮಣಿಕಟ್ಟಿನ ಕೆಳಗೆ, ಉಂಗುರ ಹಾಕಿದ ಎರಡು ಬೆರಳು, ನನ್ನವಲ್ಲ, ಯಾರದ್ದೆಂದು ಯಾರೂ ಕೇಳಲಿಲ್ಲ, ಎರಡು ಬೆರಳು, ನನ್ನ ಮುರಿದ ಕೈಯನ್ನು ಎತ್ತಿ ಹಿಡಿದ ಎರಡು ಬೆರಳು —