ಬೀಗದಣ್ಣನ ಎರಡನೇ ಉತ್ತರ

ಆ ಆಸ್ಪತ್ರೆಯಲ್ಲಿ ಕಾಂಪೌಂಡರ್ ಎಂದರೆ ಅವರೊಬ್ಬರೇ. ಅವರ ಹುದ್ದೆಗೆ ಈಗ ಬೇರೇನೋ ದೊಡ್ಡ ಹೆಸರಿದೆ ಎಂದು ಹೊಸದಾಗಿ ಬಂದ ಆಡಳಿತಾಧಿಕಾರಿ ಹೇಳಿ ನೋಡಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂವತ್ತೊಂದು ವರ್ಷದಿಂದ ನೆಲಮಹಡಿಯ ಔಷಧಿ ಕೋಣೆಯಲ್ಲಿ ಕೂತು, ಹಾಸಿಗೆಗೊಂದು ಡಬ್ಬಿ, ಡಬ್ಬಿಗೆ ನಾಲ್ಕು ಮನೆ, ಮನೆಮನೆಗೂ ಹೊತ್ತಿಗೆ ತಕ್ಕ ಗುಳಿಗೆ ಎಂದು ತುಂಬಿ, ಟ್ರೇಯಲ್ಲಿ ಜೋಡಿಸಿ ಮೇಲಿನ ವಾರ್ಡುಗಳಿಗೆ ಕಳಿಸುವುದು ಅವರ ಕೆಲಸ. ಇಷ್ಟು ವರ್ಷದಲ್ಲಿ ಒಂದು ಗುಳಿಗೆಯೂ ಹೆಚ್ಚುಕಮ್ಮಿ ಆಗಿಲ್ಲ ಎಂಬುದು ಅವರ ಹೆಮ್ಮೆ. ಆ ಹೆಮ್ಮೆ ಸಣ್ಣಪುಟ್ಟದ್ದೇನಲ್ಲ. ಮಾತಿಗೆ ಸಿಕ್ಕವರಿಗೆಲ್ಲ ಅದನ್ನು ಒಂದಲ್ಲ ಒಂದು ನೆಪದಲ್ಲಿ ಹೇಳಿಯೇ ಬಿಡುತ್ತಿದ್ದರು. ಕೇಳಿ ಕೇಳಿ ಬೇಸತ್ತವರೂ ಅದು ಸುಳ್ಳೆಂದು ಮಾತ್ರ ಹೇಳುವಂತಿರಲಿಲ್ಲ.

ಅವರಿಗೆ ಇನ್ನೊಂದು ಹೆಸರೂ ಇತ್ತು, ಬೀಗದಣ್ಣ ಎಂದು. ಅದು ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿಲ್ಲದ ಹೆಸರು.

ಇಂಟರ್‌ನೆಟ್ಟಿನ ಒಂದು ಹಳೆಯ ಚರ್ಚಾಕಟ್ಟೆಯಲ್ಲಿ, ಮುಖ ನೋಡಿರದ ಹತ್ತು ಹನ್ನೆರಡು ಜನ ಸೇರಿ ಗುಟ್ಟು ಒಡೆಯುವ ಆಟವೊಂದನ್ನು ಆಡುತ್ತಿದ್ದರು. ಬೀಗದಣ್ಣ ನಾಲ್ಕು ಅಂಕಿಗಳ ಒಂದು ಸಂಖ್ಯೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಒಂದರಿಂದ ಒಂಬತ್ತರೊಳಗಿನ ಅಂಕಿಗಳು, ಯಾವುದೂ ಎರಡು ಸಲ ಬರುವಂತಿಲ್ಲ. ಉಳಿದವರು ದಿನಕ್ಕೊಬ್ಬರಂತೆ ಒಂದು ಊಹೆ ಹಾಕಬೇಕು. ಅಂಕಿ ಸರಿಯಾದ ಜಾಗದಲ್ಲೇ ಇದ್ದರೆ ಅದು ಕೂತಿದೆ ಎನ್ನುವುದು. ಗುಟ್ಟಿನಲ್ಲಿದೆ, ಆದರೆ ಜಾಗ ಬೇರೆ ಎಂದಾದರೆ ನಿಂತಿದೆ ಎನ್ನುವುದು. ಯಾವ ಅಂಕಿ ಎಂದು ಹೇಳುವಂತಿಲ್ಲ, ಎಷ್ಟು ಎಂದಷ್ಟೇ. ಹತ್ತು ಸರದಿಯೊಳಗೆ ಎಲ್ಲರೂ ಸೇರಿ ಒಡೆದರೆ ಅವರ ಗೆಲುವು, ಇಲ್ಲದಿದ್ದರೆ ಬೀಗದ ಗೆಲುವು. ಹನ್ನೊಂದು ವರ್ಷದಿಂದ ಬೀಗ ಕಾಯುತ್ತಿದ್ದವರು ಕಾಂಪೌಂಡರೇ. ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು, ಹಳೆಯ ಕನ್ನಡಕದ ಡಬ್ಬಿಯಲ್ಲಿ ಹಾಕಿ, ದಿನಾ ಮಧ್ಯಾಹ್ನ ಊಟದ ಬಿಡುವಿನಲ್ಲಿ ಫೋನು ತೆಗೆದು ಉತ್ತರ ಕೊಡುತ್ತಿದ್ದರು. ಇಷ್ಟು ದಿನವಾದ ಮೇಲೆ ಚೀಟಿ ನೋಡುವ ಅಗತ್ಯ ಅವರಿಗೆ ಕಾಣುತ್ತಿರಲಿಲ್ಲ. ನಾಲ್ಕು ಅಂಕಿ ತಲೆಯಲ್ಲಿ ನಿಲ್ಲದಿದ್ದರೆ ಇನ್ನೇನು ನಿಂತೀತು?

ಈ ಸಲದ ಆಟ ಸೋಮವಾರ ಶುರುವಾಗಿತ್ತು. ಮೊದಲ ಊಹೆ ಯಾವಾಗಲೂ ಹಳೇ ಚಪ್ಪಲಿಯದು. ಅದು ಒಬ್ಬ ನಿವೃತ್ತ ಬಸ್ ಚಾಲಕರು ತಮಗೆ ತಾವೇ ಇಟ್ಟುಕೊಂಡ ಹೆಸರು. ಅವರ ಊಹೆಯೂ ಯಾವಾಗಲೂ ಒಂದೇ: ೧೨೩೪. ಬೀಗದಣ್ಣ ಉತ್ತರಿಸಿದರು, "ಎರಡು ಕೂತಿವೆ." ಮಂಗಳವಾರ ಇನ್ನೊಬ್ಬರು ೫೯೩೨ ಎಂದರು. "ಯಾವುದೂ ಇಲ್ಲ" ಎಂದರು ಬೀಗದಣ್ಣ. ಬುಧವಾರ ಮೂರನೇ ಮಹಡಿ ಎಂಬ ಹೆಸರಿನವರ ಸರದಿ. ಆಕೆ ಗಣಿತದ ಮೇಡಂ, ಕಾಲು ಸ್ವಾಧೀನದಲ್ಲಿಲ್ಲದೆ ಮನೆಯಿಂದಲೇ ಪಾಠ ಹೇಳುವವರು, ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ವಾಸ. ಅವರು ೧೬೭೪ ಎಂದರು. "ಒಂದು ಕೂತಿದೆ, ಒಂದು ನಿಂತಿದೆ."



ಗುರುವಾರ ಊಹೆ ಬರಲಿಲ್ಲ. ಶುಕ್ರವಾರವೂ ಇಲ್ಲ. "ಏನ್ರಪ್ಪಾ, ಎಲ್ಲರೂ ಬಾಯಿಗೆ ಬೀಗ ಹಾಕ್ಕೊಂಡ್ರಾ?" ಎಂದು ಕಾಂಪೌಂಡರ್ ಕೆಣಕಿದರು. ಬಹಳ ಹೊತ್ತಾದ ಮೇಲೆ ಹಳೇ ಚಪ್ಪಲಿ ಬರೆದರು, "ಯೋಚನೆ ಮಾಡ್ತಾ ಇದ್ದೀವಿ." ಯೋಚನೆ ಮಾಡಿ ಆಡುವ ಗಿರಾಕಿಯೇ ಅಲ್ಲ ಅವರು. ಕಾಂಪೌಂಡರಿಗೆ ನಗು ಬಂತು.

ಶನಿವಾರ ಬೆಳಗ್ಗೆ ಕೆಲಸಕ್ಕೆ ಹೊರಡುವ ಮೊದಲು, ಪಾಪ, ಎಲ್ಲಿ ಸಿಕ್ಕಿಕೊಂಡಿದ್ದಾರೋ ನೋಡಿ ಒಂದು ಸುಳಿವು ಕೊಡೋಣ ಎಂದು ಅವರೇ ಅಡುಗೆಮನೆಯ ಮೇಜಿನ ಮೇಲೆ ಕಾಗದ ಪೆನ್ನು ಹಿಡಿದು, ಆಡುವವರ ಕಡೆಯಿಂದ ಲೆಕ್ಕ ಹಾಕತೊಡಗಿದರು. ಮೊದಲ ಉತ್ತರದ ಪ್ರಕಾರ ಒಂದು, ಎರಡು, ಮೂರು, ನಾಲ್ಕರಲ್ಲಿ ಎರಡು ಅಂಕಿ ತಮ್ಮ ಜಾಗದಲ್ಲೇ ಕೂತಿರಬೇಕು. ಎರಡನೇ ಉತ್ತರದ ಪ್ರಕಾರ ಎರಡರ ಅಂಕಿಯೂ ಇಲ್ಲ, ಮೂರರದೂ ಇಲ್ಲ. ಹಾಗಾದರೆ ಕೂತಿರುವುದು ಒಂದು ಮತ್ತು ನಾಲ್ಕು. ಮೂರನೇ ಊಹೆಯಲ್ಲಿ ಆ ಎರಡೂ ಅದೇ ಜಾಗದಲ್ಲೇ ಇವೆ. ಅಂದರೆ ಎರಡು ಕೂತಿವೆ ಎನ್ನಬೇಕಿತ್ತು. ತಾವು ಒಂದು ಎಂದಿದ್ದಾರೆ.

ಅವರು ಪೆನ್ನು ಕೆಳಗಿಟ್ಟರು. ಹೀಗಾಗಲು ಸಾಧ್ಯವೇ ಇಲ್ಲ. ಇಂಥ ಸಂಖ್ಯೆ ಲೋಕದಲ್ಲೇ ಇಲ್ಲ.

ಕನ್ನಡಕದ ಡಬ್ಬಿ ತೆಗೆದು ಚೀಟಿ ಬಿಡಿಸಿದರು. ೭೨೯೪. ಅವರದೇ ಕೈಬರಹ, ಏಳರ ಬಾಲ ಉದ್ದ. ೫೯೩೨ ಎಂದು ಕೇಳಿದಾಗ ಒಂಬತ್ತೂ ನಿಂತಿತ್ತು, ಎರಡೂ ನಿಂತಿತ್ತು. ಅವರು ಯಾವುದೂ ಇಲ್ಲ ಎಂದಿದ್ದರು.

"ಗ್ಯಾಸ್ ಆರಿಸಿಲ್ಲ ನೀನು," ಎಂದರು ಅಕ್ಕ ಒಳಗೆ ಬಂದು ಒಲೆ ಆರಿಸುತ್ತಾ. ಗಂಡ ಹೋದ ಮೇಲೆ ತಮ್ಮನ ಜೊತೆಗೇ ಇರುವ ಅಕ್ಕ, ಹೊಲಿಗೆ ಯಂತ್ರದ ಮುಂದೆ ಕೂತೇ ಇಡೀ ಮನೆಯ ಮೇಲೆ ಕಣ್ಣಿಟ್ಟವರು. "ಈ ವಾರದಲ್ಲಿ ಮೂರನೇ ಸಲ. ನಿನಗೆ ಏನೋ ಆಗಿದೆ ಕಣೋ. ಡಾಕ್ಟರ ಹತ್ತಿರ ಹೋಗು ಅಂದ್ರೆ ಕೇಳಲ್ಲ."

ಅಕ್ಕನ ಮಾತನ್ನು ಅವರು ತಿಂಗಳುಗಳಿಂದ ಕೇಳುತ್ತಲೇ ಇದ್ದರು. ಹಾಲಿನವನಿಂದ ಹಿಡಿದು ಮೇಲಿನ ಮನೆಯವರ ಬೆಕ್ಕಿನವರೆಗೆ ಎಲ್ಲರ ತಪ್ಪು ಎಣಿಸುವ ಬಾಯಿ ಅದು ಎಂದು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದರು. ಇವತ್ತು ಮೊದಲ ಸಲ ಎದ್ದು ಹೋಗಿ ಒಲೆಯನ್ನು ಮುಟ್ಟಿ ನೋಡಿದರು. ಬಿಸಿಯಾಗಿತ್ತು.

ಬಸ್ಸಿನಲ್ಲಿ ಕೂತು ಹಳೆಯ ಆಟಗಳನ್ನೆಲ್ಲ ಹಿಂದಕ್ಕೆ ತಿರುಗಿಸಿ ಓದಿದರು. ನಾಲ್ಕು ತಿಂಗಳಲ್ಲಿ ಇನ್ನೂ ಮೂರು ಕಡೆ ಅವರ ಉತ್ತರ ತಪ್ಪಿತ್ತು. ಆದರೂ ಆಟಗಳೆಲ್ಲ ಸರಿಯಾಗಿಯೇ ಮುಗಿದಿದ್ದವು. ಹೇಗೆಂದು ನೋಡಿದರೆ, ಮೂರು ಸಲವೂ ತಪ್ಪು ಉತ್ತರದ ಮರುದಿನ ಯಾರಾದರೊಬ್ಬರು ಅದೇ ಊಹೆಯನ್ನು ಮತ್ತೆ ಹಾಕಿದ್ದರು. "ಕ್ಷಮಿಸಿ, ನಿನ್ನೆಯದು ನೋಡಲಿಲ್ಲ, ಕಣ್ತಪ್ಪಿ ಅದೇ ಹಾಕಿಬಿಟ್ಟೆ" ಎಂದು ಕೆಳಗೊಂದು ಸಾಲು. ಎರಡನೇ ಸಲ ಅವರ ಉತ್ತರ ಸರಿಯಾಗಿ ಬಂದಿತ್ತು. ಅದರ ಕೆಳಗೆ ಬೀಗದಣ್ಣನ ಬೈಗುಳವೂ ಇತ್ತು: "ಒಂದು ಸರದಿ ಹಾಳು. ನೋಡಿಕೊಂಡು ಆಡಬಾರದಾ? ಗಮನ ಎಲ್ಲಿರುತ್ತೆ?"

ಹತ್ತರಲ್ಲಿ ಒಂದು ಸರದಿಯನ್ನು ಅವರಿಗಾಗಿ ಕಳೆದುಕೊಂಡು, ಮೇಲಿಂದ ಅವರ ಕೈಲೇ ಬೈಸಿಕೊಂಡಿದ್ದರು. ಕಾಂಪೌಂಡರಿಗೆ ನಾಚಿಕೆಯಿಂದ ಮೈ ಬಿಸಿಯಾಯಿತು. ಕಿಟಕಿಯಾಚೆ ಅವರು ಇಳಿಯಬೇಕಾದ ನಿಲ್ದಾಣ ದಾಟಿ ಹೋಯಿತು. ಮುಂದಿನದರಲ್ಲಿ ಇಳಿದು ಹಿಂದಕ್ಕೆ ನಡೆದರು.

ಆಸ್ಪತ್ರೆಯ ಗೇಟಿನ ಹತ್ತಿರ ಬರುವಾಗ ಅವರ ಕಾಲು ತಾನಾಗಿ ನಿಂತಿತು. ಹೆಣ್ಣುಮಕ್ಕಳ ವಾರ್ಡಿನ ಹಿರಿಯ ನರ್ಸ್ ಇದ್ದಾರಲ್ಲ, ಎಲ್ಲರ ಬಾಯಲ್ಲೂ ದೊಡ್ಡ ಸಿಸ್ಟರ್, ಭದ್ರವಾದ ಕೈಗೆ ಹೆಸರಾದವರು. ಆಕೆ ಇತ್ತೀಚೆಗೆ ಟ್ರೇ ಬೀಳಿಸುತ್ತಿದ್ದರು. ಒಂದು ಸಲ, ಎರಡು ಸಲ, ಮೂರು ಸಲ. "ಕೈ ಜಾರಿ ಎಲ್ಲಾ ಚೆಲ್ಲಿಹೋಯ್ತು ಕಾಂಪೌಂಡರೇ, ಹನ್ನೆರಡನೇ ಹಾಸಿಗೇದು ಇನ್ನೊಂದು ಸಲ ತುಂಬಿಕೊಡಿ." ಅವರೂ ಗೊಣಗುತ್ತಾ ತುಂಬಿಕೊಟ್ಟಿದ್ದರು. ವಯಸ್ಸಾಯ್ತು, ಕೈ ನಡುಗುತ್ತೆ, ಮನೇಲಿರಬಾರದಾ ಎಂದು ಚುಚ್ಚಿಯೂ ಇದ್ದರು.

ಔಷಧಿ ಕೋಣೆಯ ಬಾಗಿಲು ತೆಗೆಯದೆ ಅವರು ನೇರ ಮೇಲಕ್ಕೆ ಹೋದರು. ದೊಡ್ಡ ಸಿಸ್ಟರ್ ವಾರ್ಡಿನ ಮೂಲೆಯ ಸಣ್ಣ ಮೇಜಿನಲ್ಲಿ ನಿನ್ನೆಯ ಖಾಲಿ ಡಬ್ಬಿಗಳನ್ನು ಒರೆಸುತ್ತಿದ್ದರು.

"ಟ್ರೇ ನಿಜವಾಗ್ಲೂ ಬಿತ್ತಾ?" ಎಂದು ಕೇಳಿದರು ಕಾಂಪೌಂಡರ್.

ಸಿಸ್ಟರ್ ಡಬ್ಬಿ ಒರೆಸುವುದನ್ನು ನಿಲ್ಲಿಸಲಿಲ್ಲ. "ಯಾವ ಟ್ರೇ?"

"ಮೂರೂ."

ಆಕೆ ಬಟ್ಟೆ ಮಡಚಿಟ್ಟು ತಲೆ ಎತ್ತಿದರು. "ಇಲ್ಲ."

"ಏನಿತ್ತು ಅದರಲ್ಲಿ?"

"ಈಗ್ಯಾಕೆ ಅದೆಲ್ಲಾ? ಯಾರಿಗೂ ಏನೂ ಆಗಿಲ್ಲ."

"ಏನಿತ್ತು ಸಿಸ್ಟರ್?"

"ಹನ್ನೆರಡನೇ ಹಾಸಿಗೆ ಅಜ್ಜಿಗೆ ಹೃದಯದ ಗುಳಿಗೆ ಬೆಳಗ್ಗೇನೂ ಇತ್ತು, ಸಂಜೇನೂ ಇತ್ತು. ಬೆಳಗ್ಗೆ ಒಂದೇ ಇರಬೇಕಿತ್ತು. ಮಿಕ್ಕ ಎರಡು ಸಣ್ಣದು, ಬಿಡಿ." ಆಕೆ ದನಿ ತಗ್ಗಿಸಿದರು. "ಮೂವತ್ತೊಂದು ವರ್ಷ ನೀವು ತುಂಬಿದ್ದನ್ನ ಕಣ್ಣುಮುಚ್ಚಿ ಕೊಟ್ಟಿದ್ದೀನಿ. ನಿಮಗೆ ಹೋಗಿ ತಪ್ಪು ಅಂತ ಹೆಂಗೆ ಹೇಳಲಿ? ಅದಕ್ಕೇ ಬರೋ ಟ್ರೇ ಎಲ್ಲಾ ನಾನೇ ಒಂದು ಸಲ ಎಣಿಸ್ತೀನಿ. ಬೇರೆ ವಾರ್ಡಿಂದೂ ಇಲ್ಲಿಗೆ ತರಿಸ್ಕೊಂಡು ಕಳಿಸ್ತೀನಿ. ಅಷ್ಟೇ."

ಕಾಂಪೌಂಡರ್ ಎದುರಿನ ಸ್ಟೂಲಿನ ಮೇಲೆ ಕೂತರು. ಕೇಳಬೇಕಾದ ಮಾತು ಒಂದು ಉಳಿದಿತ್ತು. ಅದನ್ನು ಕೇಳಲು ಅವರಿಗೆ ನಿಜಕ್ಕೂ ಭಯವಾಯಿತು.

"ನೀವು ರಜಾ ಹಾಕಿದ ದಿನ ಯಾರು ನೋಡಿದ್ರು?"

"ರಜಾ ಹಾಕಿಲ್ಲ."

"ಒಂದು ದಿನಾನೂ?"

"ನಾಲ್ಕು ತಿಂಗಳಿಂದ ಹಾಕಿಲ್ಲ. ವಾರದ ರಜೇಲೂ ಒಂದು ಗಳಿಗೆ ಬಂದು ಹೋಗ್ತೀನಿ."

ಹೋದ ತಿಂಗಳು ಸಿಸ್ಟರ ಮಗಳಿಗೆ ಬೇರೆ ಊರಿನಲ್ಲಿ ಹೆರಿಗೆಯಾಗಿತ್ತು. ಮೊಮ್ಮಗು ಹುಟ್ಟಿದರೂ ಹೋಗಲಿಲ್ಲವಲ್ಲ, ಎಂಥ ಕಲ್ಲು ಮನಸ್ಸು ಎಂದು ಕ್ಯಾಂಟೀನಿನಲ್ಲಿ ನಾಲ್ಕು ಜನರ ಮುಂದೆ ಆಡಿಕೊಂಡವರು ಕಾಂಪೌಂಡರೇ. ಅವರಿಗೆ ಆ ಮಾತು ನೆನಪಿತ್ತು. ಮರೆಯಬಾರದ್ದು ಮರೆತುಹೋಗಿ, ಇಂಥದ್ದು ಮಾತ್ರ ಅಚ್ಚುಕಟ್ಟಾಗಿ ನೆನಪಿತ್ತು.

"ನೀವು ಮೊದಲನೇ ಸಲಾನೇ ಹೇಳಬೇಕಿತ್ತು," ಎಂದರು ಕಾಂಪೌಂಡರ್.

"ಹೇಳಬೇಕಿತ್ತು," ಎಂದು ಸಿಸ್ಟರ್ ಒಪ್ಪಿಕೊಂಡರು. "ತಪ್ಪು ನಂದೂ ಇದೆ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತಲೇ ದಿನ ಹೋಯ್ತು. ಬಾಯಿ ಬರಲಿಲ್ಲ."

ಆಕೆಯ ಮೇಲೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಆ ಸಿಟ್ಟು ನಿಲ್ಲಲಿಲ್ಲ. ಅವರು ಕುತ್ತಿಗೆಯಲ್ಲಿದ್ದ ದಾರ ಎಳೆದು ಔಷಧಿ ಕೋಣೆಯ ಬೀಗದ ಕೈ ತೆಗೆದು ಅಂಗೈಯಲ್ಲಿ ಹಿಡಿದುಕೊಂಡು ಎದ್ದರು. "ಮುಖ್ಯ ವೈದ್ಯರ ಹತ್ತಿರ ಹೋಗ್ತೀನಿ. ನೀವೂ ಬನ್ನಿ. ನಾನು ಹೇಳ್ತಾ ಹೇಳ್ತಾ ಎಲ್ಲಾದರೂ ಕಡಿಮೆ ಮಾಡಿ ಹೇಳಿದ್ರೆ ನೀವು ತಿದ್ದಬೇಕು."

ಅವರು ಕಡಿಮೆ ಮಾಡಿ ಹೇಳಲಿಲ್ಲ. ಎರಡು ಕಡೆ ಮರೆತರು, ಸಿಸ್ಟರ್ ತಿದ್ದಿದರು. ಮುಖ್ಯ ವೈದ್ಯರು ಬೀಗದ ಕೈಯನ್ನು ಮೇಜಿನ ಮೇಲೆ ಇರಿಸಿಕೊಂಡು, ತಲೆಯ ಪರೀಕ್ಷೆಗಳಿಗೆ ಚೀಟಿ ಬರೆದರು. ಆ ದಿನದ ಟ್ರೇಗಳನ್ನು ಬೇರೊಬ್ಬರು ತುಂಬಿದರು. ಕಾಂಪೌಂಡರ್ ಹೊರಗಿನ ಬೆಂಚಿನಲ್ಲಿ ಕೂತು, ಪಕ್ಕದಲ್ಲಿ ಗುಟ್ಟಿನ ಚೀಟಿ ಇಟ್ಟುಕೊಂಡು, ಚರ್ಚಾಕಟ್ಟೆಗೆ ಬರೆದರು.

"ಎರಡನೇ ಊಹೆಗೆ ನಾನು ಕೊಟ್ಟ ಉತ್ತರ ತಪ್ಪು. ಗುಟ್ಟು ೭೨೯೪. ಹಿಂದಿನ ಮೂರು ತಪ್ಪುಗಳನ್ನೂ ಇವತ್ತು ನೋಡಿದೆ. ನೀವು ಕಣ್ತಪ್ಪಿ ಆಡಿದವರಲ್ಲ, ನಾನು ಸುಮ್ಮಸುಮ್ಮನೆ ಬೈದೆ, ಕ್ಷಮಿಸಿ. ನನ್ನ ತಲೆ ಮೊದಲಿನ ಹಾಗಿಲ್ಲ. ಇನ್ನು ಮುಂದೆ ಬೀಗ ಮೂರನೇ ಮಹಡಿಯವರು ಕಾಯಲಿ."

ಹಳೇ ಚಪ್ಪಲಿ ಬೇಡವೆಂದರು. ಬೇಕಾದರೆ ಇಬ್ಬರು ಸೇರಿ ಬೀಗ ಕಾಯಿರಿ, ಹನ್ನೊಂದು ವರ್ಷದ ಹೆಸರು ಯಾಕೆ ಬಿಡಬೇಕು ಎಂದರು. ಮೂರನೇ ಮಹಡಿ ಮಾತ್ರ ಬರೆದದ್ದು ಇಷ್ಟು: "ಈ ಸಲ ಮತ್ತೆ ಅದೇ ಊಹೆ ಹಾಕೋಕೆ ನನಗೆ ಮನಸ್ಸಾಗಲಿಲ್ಲ. ನೀವು ಬೈತೀರಿ ಅಂತಲ್ಲ. ಸುಳ್ಳು ಸಾಕಾಗಿತ್ತು, ಸತ್ಯ ಹೇಳೋ ಧೈರ್ಯ ಇರಲಿಲ್ಲ. ಬೀಗ ನಾನು ಕಾಯ್ತೀನಿ. ನೀವು ಆಡಬೇಕು."

"ಆಡ್ತೀನಿ," ಎಂದು ಬರೆದರು ಕಾಂಪೌಂಡರ್. "ಒಂದೇ ಷರತ್ತು. ತಪ್ಪಿದರೆ ತಪ್ಪು ಅಂತ ಮುಖದ ಮೇಲೆ ಹೇಳಬೇಕು."

ಪರೀಕ್ಷೆಯ ಫಲಿತಾಂಶ ಬರಲು ಎರಡು ವಾರ ಹಿಡಿಯಿತು. ಬಂದದ್ದು ಒಳ್ಳೆಯ ಸುದ್ದಿಯಲ್ಲ, ತಡವಾಗಿ ಬಂದ ಸುದ್ದಿಯೂ ಅಲ್ಲ. ಗುಳಿಗೆ ಶುರುವಾಯಿತು. ಅಕ್ಕ ಅವರಿಗೆಂದೇ ನಾಲ್ಕು ಮನೆಯ ಒಂದು ಡಬ್ಬಿ ತಂದರು, ತಾವೇ ತುಂಬತೊಡಗಿದರು. ದೊಡ್ಡ ಸಿಸ್ಟರ್ ಹತ್ತು ದಿನ ರಜೆ ಹಾಕಿ ಮಗಳ ಮನೆಗೆ ಹೋದರು. ಅಲ್ಲಿಂದ ಮೊಮ್ಮಗುವಿನ ಚಿತ್ರ ಬಂದಾಗ ಕಾಂಪೌಂಡರ್ ಅದನ್ನು ಅಕ್ಕನಿಗೆ ತೋರಿಸಿದರು. ಸಂಜೆ ಮತ್ತೆ ತೋರಿಸಿದರು. "ಬೆಳಗ್ಗೆ ನೋಡಿದ್ದೀನಿ ಕಣೋ," ಎಂದರು ಅಕ್ಕ.

ಹೊಸ ಆಟ ಶುರುವಾಯಿತು. ಮೊದಲ ದಿನ ಹಳೇ ಚಪ್ಪಲಿ, ೧೨೩೪. ಎರಡನೇ ದಿನ ಇನ್ನೊಬ್ಬರು ೫೧೮೬ ಹಾಕಿದರು. ಮೂರನೇ ದಿನ ಕಾಂಪೌಂಡರ ಸರದಿ. ಹನ್ನೊಂದು ವರ್ಷದಲ್ಲಿ ಅವರು ಹಾಕುವ ಮೊದಲ ಊಹೆ. ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು ಮಧ್ಯಾಹ್ನವಿಡೀ ಕೂತರು. ಬರೆದರು, ಹೊಡೆದರು, ಮತ್ತೆ ಬರೆದರು. ಕೊನೆಗೆ ಇದೇ ಸರಿ ಎಂದು ಗಟ್ಟಿಯಾದ ಮೇಲೆ ಫೋನಿನಲ್ಲಿ ಒತ್ತಿದರು: ೫೧೮೬.

ಉತ್ತರ ಬರಲು ತಡವಾಯಿತು. ಮೂರನೇ ಮಹಡಿಯ ಮೇಡಂ ಏನೋ ಬರೆಯುತ್ತಿದ್ದಾರೆ ಎಂದು ಪರದೆಯ ಮೇಲೆ ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು.

ಆಮೇಲೆ ಬಂತು: "ಇದು ನಿನ್ನೆಯದೇ ಊಹೆ. ಒಂದು ಸರದಿ ಹೋಯಿತು."

ಅವರು ಅದನ್ನು ಎರಡು ಸಲ ಓದಿದರು. ಕಣ್ಣು ತುಂಬಿ ಬಂದು ಅಕ್ಷರ ಕಲಸಿಹೋಯಿತು. ಕನ್ನಡಕ ಒರೆಸಿಕೊಂಡು "ಥ್ಯಾಂಕ್ಸ್ ಮೇಡಂ" ಎಂದು ಬರೆದರು. ಪರವಾಗಿಲ್ಲ, ಇನ್ನೂ ಏಳು ಸರದಿ ಇವೆ ಎಂದು ಹಳೇ ಚಪ್ಪಲಿ ಕೆಳಗೆ ಬರೆದದ್ದನ್ನು ನೋಡಿ, ಕಾಗದದ ಮೂಲೆಯಲ್ಲಿದ್ದ ಎಂಟನ್ನು ಹೊಡೆದುಹಾಕಿ ಪಕ್ಕದಲ್ಲಿ ಏಳು ಎಂದು ಬರೆದುಕೊಂಡರು.